ಡಬ್ಬಿ ಭಾವನ ಅಂಗೈ

ನಮ್ಮ ಭಾವನ ಬೆರಳಿಗೆ ಗುಂಡುಪಿನ್ನು ಚುಚ್ಚಿಕೊಂಡಿತ್ತು. ಚುಚ್ಚಿಕೊಂಡದ್ದೇನೂ ದೊಡ್ಡ ವಿಷಯವಲ್ಲ. ನನ್ನಂಥ ಬಟ್ಟೆ ಹೊಲಿಯುವವಳ ಜೊತೆ ಒಂದೇ ಅಂಗಡಿ ಹಂಚಿಕೊಂಡವರಿಗೆ ಪಿನ್ನು ಚುಚ್ಚದೆ ಇನ್ನೇನು ಚುಚ್ಚಬೇಕು? ಆದರೆ ಅವರು ಆ ಪಿನ್ನನ್ನು ತೋರುಬೆರಳಿನ ತುದಿಯಲ್ಲಿ ನೆಟ್ಟುಕೊಂಡೇ ಟೀ ಕುಡಿದರು, ಗಿರಾಕಿಯೊಬ್ಬನಿಗೆ ಕೀಬೋರ್ಡು ತೋರಿಸಿದರು, ತಲೆಯನ್ನೂ ಕೆರೆದುಕೊಂಡರು. ಗಿರಾಕಿ ಹೋಗುವ ತನಕ ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ನನ್ನ ಮಟ್ಟಿಗೆ ಅದೇ ಒಂದು ತಪಸ್ಸು.

"ಭಾವ, ಬೆರಳಲ್ಲಿ ಪಿನ್ನಿದೆ."

"ಯಾರ ಬೆರಳಲ್ಲಿ?"

"ನಿಮ್ಮದೇ. ಪಕ್ಕದ ಮನೆಯವರದ್ದಾದ್ರೆ ನಾನ್ಯಾಕೆ ಹೇಳ್ಲಿ?"

ಅವರು ಕೈಯನ್ನು ಮುಖದ ಹತ್ತಿರ ತಂದು, ಬೇರೆ ಯಾರದೋ ಬೆರಳನ್ನು ನೋಡುವವರಂತೆ ನೋಡಿದರು. ಕಿತ್ತರು. ಒಂದು ಹನಿ ರಕ್ತ ಬಂತು. ಪಿನ್ನನ್ನು ಒರೆಸಿ ನನ್ನ ಪಿನ್ನಿನ ಡಬ್ಬಿಗೆ ಹಾಕಿ, "ನಿಮ್ಮಕ್ಕನಿಗೆ ಹೇಳ್ಬೇಡ" ಅಂದರು. ಅಂದೇ ಸಂಜೆ ನಾನು ಅಕ್ಕನ ಕಿವಿಗೆ ಹಾಕಿದೆ. ನನ್ನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಮಾತು ನಿಲ್ಲುವುದಿಲ್ಲ. ಅದಕ್ಕೇ ಭಾವ ನನಗೆ 'ಕತ್ತರಿ' ಎಂದು ಹೆಸರಿಟ್ಟಿದ್ದರು. ನಾನೇನು ಸುಮ್ಮನಿದ್ದೆನೇ? ಅವರಿಗೆ 'ಡಬ್ಬಿ ಭಾವ' ಎಂದು ಇಟ್ಟೆ. ಅವರಿಟ್ಟ ಹೆಸರು ಮನೆಯೊಳಗೆ ಉಳಿಯಿತು. ನಾನಿಟ್ಟದ್ದು ಬೀದಿಗೇ ಹರಡಿತು. ಅಪರಿಚಿತರು ಕೂಡ "ಡಬ್ಬಿ ಭಾವ ಇದ್ದಾರಾ?" ಎಂದು ಕೇಳಿಕೊಂಡು ಬರುತ್ತಿದ್ದರು.

ಅವರ ಕೆಲಸ ಕಂಪ್ಯೂಟರ್ ಜೋಡಿಸುವುದು. ಆ ಪೆಟ್ಟಿಗೆಗಳಿಗೆ ನಾವು ಡಬ್ಬಿ ಎನ್ನುತ್ತಿದ್ದೆವು. ಒಂದೇ ಅಂಗಡಿಯ ನಡುವೆ ಎದೆಮಟ್ಟದ ಪ್ಲೈವುಡ್ ಗೋಡೆ. ಆ ಕಡೆ ಅವರ ಮೇಜು, ಈ ಕಡೆ ನನ್ನ ಹೊಲಿಗೆ ಮಷೀನು. ಬೋರ್ಡಿನಲ್ಲಿ ಅರ್ಧ 'ಕಂಪ್ಯೂಟರ್ ಜೋಡಣೆ, ರಿಪೇರಿ', ಇನ್ನರ್ಧ 'ಜಿಪ್ಪು, ಆಲ್ಟರೇಷನ್'. ಲ್ಯಾಪ್‌ಟಾಪ್ ಬ್ಯಾಗಿನ ಜಿಪ್ಪು ಕಿತ್ತು ಬಂದವರು ಯಾರ ಗಿರಾಕಿ ಎಂದು ನಮ್ಮಿಬ್ಬರಲ್ಲಿ ಜಗಳವಾಗುತ್ತಿತ್ತು. ಒಂದು ಕಾಲಕ್ಕೆ ಅವರ ಕಡೆ ಜನ ಬೀದಿಯ ತನಕ ನಿಲ್ಲುತ್ತಿದ್ದರು. ಆಮೇಲೆ ಜನ ಫೋನಿನಲ್ಲೇ ಎಲ್ಲವನ್ನೂ ತರಿಸಿಕೊಳ್ಳಲು ಶುರುಮಾಡಿದರು. ದೊಡ್ಡ ಅಂಗಡಿಯವರು ಜೋಡಣೆಗೆ ದುಡ್ಡೇ ತೆಗೆದುಕೊಳ್ಳುವುದಿಲ್ಲ ಎಂದು ಜಾಹೀರಾತು ಹಾಕಿದರು. ಭಾವನ ಮೇಜಿನ ಮೇಲೆ ಈಗ ಹೆಚ್ಚಾಗಿ ನನ್ನ ಗಿರಾಕಿಗಳ ಪ್ಯಾಂಟುಗಳೇ ಒಣಗುತ್ತಿದ್ದವು.

ಅವರದ್ದೊಂದು ಪದ್ಧತಿ ಇತ್ತು. ಪದ್ಧತಿ ಅನ್ನಿ, ಜಂಬ ಅನ್ನಿ. ಜೋಡಿಸಿದ ಕಂಪ್ಯೂಟರನ್ನು ಅವರು ತಾವಾಗಿ ಯಾವತ್ತೂ ಹಾಕಿ ನೋಡುತ್ತಿರಲಿಲ್ಲ. ಮೊದಲ ಸಲ ಸ್ವಿಚ್ ಒತ್ತಬೇಕಾದವರು ಅದರ ಒಡೆಯರೇ. "ಹೊಸಾದು ಅಂದ್ರೆ ಹೊಸಾದೇ ಇರ್ಬೇಕು. ನಾನು ಒತ್ತಿಬಿಟ್ರೆ ಅವ್ರು ಹಳೇದನ್ನ ಒಯ್ದ ಹಾಗೆ" ಎನ್ನುತ್ತಿದ್ದರು. ಗಿರಾಕಿ ಒತ್ತುವಾಗ ಭಾವ ಪರದೆ ನೋಡುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ಒಳಗೆ ಫ್ಯಾನು ತಿರುಗುವ ಸಣ್ಣ ನಡುಕ ಅಂಗೈಗೆ ತಾಗುತ್ತಿತ್ತು. ಯಾವ ಫ್ಯಾನು ಸರಾಗ, ಯಾವುದು ತಂತಿಗೆ ಉಜ್ಜುತ್ತಿದೆ, ಎಲ್ಲಿ ಒಂದು ಸ್ಕ್ರೂ ಸಡಿಲ ಎಂದು ಹಾಗೇ ಹೇಳಿಬಿಡುತ್ತಿದ್ದರು. "ಮಗುವಿಗೆ ಜ್ವರ ನೋಡ್ತಿದ್ದೀರಾ?" ಎಂದು ನಾನು ಛೇಡಿಸುತ್ತಿದ್ದೆ. ಅವರು ಜೋಡಿಸಿದ ಯಾವ ಡಬ್ಬಿಯೂ ಮೊದಲ ಒತ್ತಿಗೆ ಕೈಕೊಟ್ಟದ್ದನ್ನು ನಾನಂತೂ ಕಂಡಿರಲಿಲ್ಲ.

ಪಿನ್ನಿನ ವಿಷಯ ತಿಳಿದ ಮೇಲೆ ಅಕ್ಕ ಅವರನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಸಕ್ಕರೆ ಕಾಯಿಲೆ ಭಾವನಿಗೆ ಹಳೆಯದು. ಮಾತ್ರೆ ನುಂಗುವುದನ್ನು ಮರೆಯುವುದೂ ಹಳೆಯದು. ಅದು ಈಗ ಬೆರಳಿನ ನರಗಳನ್ನು ತಿಂದಿತ್ತು. "ಹೋದ ಸ್ಪರ್ಶ ವಾಪಸ್ ಬರೋದಿಲ್ಲ. ಉಳಿದದ್ದನ್ನ ಕಾಪಾಡ್ಕೊಳ್ಳಿ" ಎಂದರಂತೆ ಡಾಕ್ಟರು. ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಅಳುತ್ತಾ ಕೂರುವ ಜಾತಿಯಲ್ಲ. ಎರಡೇ ದಿನದಲ್ಲಿ ಅದೇ ಆಸ್ಪತ್ರೆಯ ಪಾರ್ಕಿಂಗ್ ಗೇಟಿನಲ್ಲಿ ಟೋಕನ್ ಕೊಡುವ ಕೆಲಸ ಮಾತಾಡಿಕೊಂಡು ಬಂದಳು.

"ಟೋಕನ್ನಾ? ನಾನಾ?" ಎಂದರು ಭಾವ.

"ಯಾಕೆ, ಟೋಕನ್ನಿಗೆ ಮುಳ್ಳಿದೆಯಾ? ಕೂತು ಮಾಡೋ ಕೆಲಸ, ತಿಂಗಳಾದ್ರೆ ಸಂಬಳ" ಎಂದಳು ಅಕ್ಕ.

"ನನ್ನ ಕೈಲಿ ಇನ್ನೂ ಆಗತ್ತೆ ಕಣೇ."

"ಹಾಗಾದ್ರೆ ಮಾಡಿ ತೋರಿಸಿ. ಮುಂದೆ ಬರೋ ಒಂದು ಡಬ್ಬಿನ ಸರಿಯಾಗಿ ಜೋಡಿಸಿ ಕೊಡಿ, ನಾನು ಟೋಕನ್ ಮಾತೇ ಎತ್ತಲ್ಲ. ಆಗಲಿಲ್ವಾ, ತುಟಿ ಪಿಟಕ್ಕನ್ನದೆ ಗೇಟಿಗೆ ಹೋಗಿ ಕೂತ್ಕೊಳ್ಳಿ."

ಹಾಗೆ ಮಾತಾಯಿತು. ಆ ಮುಂದಿನ ಡಬ್ಬಿಯನ್ನು ಕೇಳಿಕೊಂಡು ಬಂದವಳು ಕಾಲೇಜಿನ ಒಂದು ಹುಡುಗಿ.

ಸಣ್ಣ ಕಡ್ಡಿಯಂಥ ಹುಡುಗಿ. ಬೆನ್ನಿಗೆ ಅವಳಿಗಿಂತ ದೊಡ್ಡ ಚೀಲ. ಅದರ ಜಿಪ್ಪು ಹಲ್ಲು ಕಿರಿಯುತ್ತಿದ್ದದ್ದು ನನ್ನ ಕಣ್ಣಿಗೆ ಮೊದಲು ಬಿತ್ತು. ಆಟ ಆಡುವುದಕ್ಕೆ ಕಂಪ್ಯೂಟರ್ ಬೇಕು, ಓದುವುದಕ್ಕೂ ಅದೇ ಆಗಬೇಕು, ದುಡ್ಡು ಸ್ವಲ್ಪವೇ ಇದೆ ಎಂದಳು. ರಜೆಯಲ್ಲೆಲ್ಲ ಬೇಕರಿಯ ಕೌಂಟರಿನಲ್ಲಿ ನಿಂತು ಕೂಡಿಸಿದ ದುಡ್ಡು.

"ಏನಾಟ ಆಡ್ತೀಯಮ್ಮ?" ಎಂದು ಕೇಳಿದರು ಭಾವ.

"ಶೂಟಿಂಗು. ಆಟದಲ್ಲಿ ನನ್ನ ಹೆಸ್ರು ಹಂತಕಿ."

ಅವಳು ಅದನ್ನು ಹೇಳಿದ ಮರುಗಳಿಗೆಯೇ ಗೋಡೆಯ ಮೇಲೊಂದು ಹಲ್ಲಿ ಕಂಡು ಚೀರಿ ನನ್ನ ಕಡೆಗೆ ಓಡಿ ಬಂದಳು. ನಾನು ನಕ್ಕು ನಕ್ಕು ಹೊಲಿಗೆ ತಪ್ಪಿಸಿದೆ. ಅಲ್ಲಿಂದಾಚೆಗೆ ನಮಗಿಬ್ಬರಿಗೂ ಅವಳು ಹಂತಕಿಯೇ.

ಯಾವ ಸಾಮಾನು ತೆಗೆದುಕೊಳ್ಳುವುದು ಎಂಬ ಚರ್ಚೆ ಒಂದು ವಾರ ನಡೆಯಿತು. ಹಂತಕಿಗೆ ಗಾಜಿನ ಮೈಯ, ಬಣ್ಣಬಣ್ಣದ ದೀಪ ಉರಿಯುವ ಕ್ಯಾಬಿನೆಟ್ ಬೇಕು. ಭಾವ ಒಪ್ಪಲಿಲ್ಲ.

"ದೀಪ ನೋಡ್ತೀಯಾ, ಆಟ ಆಡ್ತೀಯಾ? ದೀಪಕ್ಕೆ ಕೊಡೋ ದುಡ್ಡಲ್ಲಿ ಒಳ್ಳೇ ಪವರ್ ಸಪ್ಲೈ ಬರತ್ತೆ. ಅದ್ರಲ್ಲಿ ಜಿಪುಣತನ ಮಾಡಿದ್ರೆ ಒಂದಿನ ಎಲ್ಲಾನೂ ಸುಟ್ಟು ಕೂರತ್ತೆ."

"ಆದ್ರೆ ಅಂಕಲ್, ಫ್ರೆಂಡ್ಸೆಲ್ಲ..."

"ಫ್ರೆಂಡ್ಸು ನಿನ್ನ ಜೊತೆ ಆಡೋದು ಅವರವರ ಮನೇಲಿ ಕೂತು. ನಿನ್ನ ಡಬ್ಬಿ ಅವ್ರಿಗೆಲ್ಲಿ ಕಾಣತ್ತೆ?"

ಕೊನೆಗೆ ಬರೀ ಕಪ್ಪು ತಗಡಿನ, ದೀಪವಿಲ್ಲದ ಕ್ಯಾಬಿನೆಟ್ ಆಯಿತು. ಫ್ಯಾನು ಮಾತ್ರ ಸದ್ದಿಲ್ಲದ ಒಳ್ಳೆಯದು. ಮದರ್‌ಬೋರ್ಡು, ಪ್ರೊಸೆಸರು ಹೊಸವು. ಆಟಕ್ಕೆ ಮುಖ್ಯವಾದ ಗ್ರಾಫಿಕ್ಸ್ ಕಾರ್ಡು ಮಾತ್ರ ಹಳೆಯದು. ಅದನ್ನು ಹುಡುಕುವುದಕ್ಕೆ ಭಾವ ಹಳೇ ಸಾಮಾನಿನವರ ಬೀದಿಯನ್ನೆಲ್ಲ ಅಲೆದರು. ಒಂದೊಂದು ಕಾರ್ಡನ್ನೂ ಮೂಗಿಗೆ ಹಿಡಿದು ಸುಟ್ಟ ವಾಸನೆ ಇದೆಯೇ ಎಂದು ಮೂಸಿ ನೋಡಿ ಆರಿಸಿ ತಂದರಂತೆ. ಮೂಗು ಇನ್ನೂ ನೆಟ್ಟಗಿತ್ತು. ಪರದೆ ಹಂತಕಿಯ ಸೋದರಮಾವನ ಮನೆಯಿಂದ ಬಂದ ಹಳೆಯದು. ಅವಳ ಅಮ್ಮ ಕೂಡ ಸ್ವಲ್ಪ ದುಡ್ಡು ಸೇರಿಸಿದ್ದಳಂತೆ, ಆದರೆ ಒಂದು ಮಾತು ಹೇಳಿಯೇ ಕೊಟ್ಟಿದ್ದಳು: ಇದು ಹಾಳಾದರೆ ಇನ್ನೊಂದು ಸಲ ಕೇಳಬೇಡ.

ಆ ವಾರವೆಲ್ಲ ಭಾವ ಗೆಲುವಾಗಿದ್ದರು. ನಾನು ಹೊಲಿಯುತ್ತಾ ಕಳ್ಳಗಣ್ಣಲ್ಲಿ ನೋಡುತ್ತಿದ್ದೆ. ಹಳೆಯ ಡಬ್ಬಿಯೊಂದನ್ನು ಬಿಚ್ಚಿ ಮತ್ತೆ ಜೋಡಿಸಿ ಅಭ್ಯಾಸ ಮಾಡುತ್ತಿದ್ದರು. ಸ್ಕ್ರೂಗಳು ಬೆರಳಿನಿಂದ ಜಾರಿ ಬೀಳುತ್ತಿದ್ದವು. ಅವು ಬಿದ್ದದ್ದು ಅವರಿಗೆ ತಿಳಿಯುತ್ತಿದ್ದದ್ದು ನೆಲದ ಮೇಲೆ ಟಿಣ್ ಎಂದಾಗ. ಖಾಲಿ ಬೆರಳುಗಳನ್ನು ಹಾಗೇ ಕೂಡಿಸಿ ತೂತಿನ ತನಕ ಒಯ್ದು, ತಿರುಗಿಸಲು ಹೋಗಿ, ಆಗ ನಿಲ್ಲಿಸುತ್ತಿದ್ದರು. ನಾನು ಹೊಲಿಗೆಯಿಂದ ತಲೆ ಎತ್ತದೆ, "ನೆಲ ಗುಡಿಸೋಳಿಗೆ ಒಳ್ಳೇ ಫಸಲು ಭಾವ" ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ನಾನು ಮೆತ್ತಗಾದರೆ ಅವರು ಹೆದರಿಬಿಡುತ್ತಾರೆ ಎಂದು ನನಗೆ ಗೊತ್ತಿತ್ತು. ಆದ್ದರಿಂದ ನಾಲಿಗೆಯನ್ನು ಇನ್ನಷ್ಟು ಹರಿತ ಮಾಡಿಕೊಂಡೆ.

ಜೋಡಿಸುವ ದಿನ ಹಂತಕಿ ಕಾಲೇಜು ಮುಗಿಸಿ ಬರುವ ಮೊದಲೇ ಭಾವ ಪ್ರೊಸೆಸರ್ ಕೂರಿಸಿಬಿಡಲು ಹೊರಟರು. ಅದು ನಾಜೂಕಿನ ಕೆಲಸ. ಮದರ್‌ಬೋರ್ಡಿನ ನಡುವೆ ಒಂದು ಚೌಕದ ಗೂಡು. ಗೂಡಿನ ತುಂಬ ಕೂದಲಿಗಿಂತ ತೆಳುವಾದ, ಚಿನ್ನದ ಬಣ್ಣದ ಮುಳ್ಳುಗಳು. ಪ್ರೊಸೆಸರನ್ನು ಅಂಚು ಹಿಡಿದು, ಒತ್ತದೆ, ತಳ್ಳದೆ ಆ ಮುಳ್ಳುಗಳ ಮೇಲೆ ಮಲಗಿಸಬೇಕು. ಆಮೇಲೆ ಬೆರಳ ತುದಿಯಿಂದ ಒಂಚೂರು ಸೋಕಿ, ಅದು ಅಲುಗುತ್ತಿಲ್ಲ ಎಂದು ನೋಡಿಕೊಂಡು, ಪಕ್ಕದ ಸರಳನ್ನು ಎಳೆದು ಬಿಗಿಯಬೇಕು. ಅಲುಗಿದರೆ ಸರಿಯಾಗಿ ಕೂತಿಲ್ಲ ಎಂದರ್ಥ. ಇಷ್ಟನ್ನೂ ನನಗೆ ಹೇಳಿಕೊಟ್ಟವರು ಅವರೇ.

ನಾನು ಒಂದು ಜಾಕೆಟ್ಟಿಗೆ ಜಿಪ್ಪು ಕೂರಿಸುತ್ತಿದ್ದೆ. ಆ ಕಡೆಯಿಂದ ಸಣ್ಣದಾಗಿ ಟಿಕ್ ಎಂದಿತು.

"ಬಿತ್ತಾ?" ಎಂದೆ.

"ಇಟ್ಟೆ" ಎಂದರು. ಆ ಉತ್ತರ ಬರುವುದಕ್ಕೆ ಸ್ವಲ್ಪ ಹೊತ್ತಾಯಿತು. ಎದ್ದು ನೋಡಿದೆ. ತೋರುಬೆರಳಿನಿಂದ ಪ್ರೊಸೆಸರನ್ನು ಸೋಕುತ್ತಿದ್ದರು. ಮತ್ತೆ ಸೋಕಿದರು. ಬೆರಳಿಗೆ ಏನೂ ತಿಳಿಯಲಿಲ್ಲ. ಏನೂ ತಿಳಿಯದಿದ್ದದ್ದನ್ನು ಅವರು ಅಲುಗುತ್ತಿಲ್ಲ ಎಂದುಕೊಂಡರು. ಸರಳು ಎಳೆದು ಬಿಗಿದರು. ಅದು ಸ್ವಲ್ಪ ಬಿಗಿಯಾಗಿಯೇ ಕೂತಿತು, ಹೊಸ ಬೋರ್ಡು ಹಾಗೇ ಇರುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು.

ಹಂತಕಿ ಬಂದ ಮೇಲೆ ಭಾವ ಯಾವತ್ತೂ ಮಾಡದ ಒಂದು ಕೆಲಸ ಮಾಡಿದರು. ರ್‍ಯಾಮ್ ಕಡ್ಡಿಗಳನ್ನು ಅವಳ ಕೈಗೆ ಕೊಟ್ಟು, "ನೀನೇ ಹಾಕು. ಕಟಕ್ ಅನ್ನೋ ತನಕ ಒತ್ತು" ಎಂದರು. ಬೇರೆಯವರು ಮೇಜಿಗೆ ಉಸಿರು ತಾಗಿಸಿದರೂ ಗದರುತ್ತಿದ್ದ ಮನುಷ್ಯ! ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ನಾಲಿಗೆ ಕಚ್ಚಿಕೊಂಡು, ಉಗುರು ಬೆಳ್ಳಗಾಗುವ ತನಕ ಒತ್ತಿದಳು. ಕಟಕ್ ಎಂದಿತು. ಸ್ಕ್ರೂಗಳನ್ನೂ ಅವಳೇ ಬಿಗಿದಳು. ತಂತಿಗಳನ್ನು ಭಾವ ಬಾಯಲ್ಲಿ ಹೇಳಿದರು, ಅವಳು ಸಿಕ್ಕಿಸಿದಳು. ಕೊನೆಗೆ ಕಾರ್ಡನ್ನು ಇಬ್ಬರೂ ಸೇರಿ ಕೂರಿಸಿದರು. ಭಾವ ನನ್ನತ್ತ ತಿರುಗಿ ಹುಬ್ಬು ಹಾರಿಸಿದರು. ನೋಡಿದೆಯಾ ಕತ್ತರಿ, ಆಯಿತಲ್ಲ ಎಂಬಂತೆ. ನನಗೂ ನಂಬಬೇಕು ಎನಿಸಿತು, ನಂಬಿದೆ.

"ಬಾ ಹಂತಕಿ, ಒತ್ತು" ಎಂದರು. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು.

ಅವಳು ಫೋನಿನಲ್ಲಿ ವಿಡಿಯೋ ಹಿಡಿದುಕೊಂಡೇ ಒತ್ತಿದಳು. ಫ್ಯಾನು ತಿರುಗಿತು. ಪರದೆ ಕಪ್ಪಾಗಿಯೇ ಇತ್ತು. ಸ್ವಲ್ಪ ಕಾದೆವು. ಕಪ್ಪಾಗಿಯೇ ಇತ್ತು.

"ಬಂತಾ?" ಎಂದರು ಭಾವ, ಕಣ್ಣು ತೆರೆಯದೆ.

ಹಂತಕಿ ಫೋನನ್ನು ಕೆಳಗಿಳಿಸಿದಳು. ಅವರು ಕಣ್ಣು ಬಿಟ್ಟರು. ಆಮೇಲೆ ಶುರುವಾಯಿತು ಪರದಾಟ. ರ್‍ಯಾಮ್ ತೆಗೆದು ಹಾಕಿಸಿದರು, ಒಂದನ್ನೇ ಹಾಕಿಸಿದರು, ಕಾರ್ಡು ಕಿತ್ತು ಪರದೆಯ ತಂತಿಯನ್ನು ಬೋರ್ಡಿಗೇ ಸಿಕ್ಕಿಸಿದರು, ಬೋರ್ಡಿನ ಗುಂಡಿಯಂಥ ಬ್ಯಾಟರಿ ತೆಗೆದು ಮತ್ತೆ ಇಟ್ಟರು. ಬೀದಿಯಲ್ಲಿ ಬಿಸಿಲು ಇಳಿಯಿತು. ಅವರ ಬೆನ್ನಿನ ಅಂಗಿ ಒದ್ದೆಯಾಯಿತು. ಹಂತಕಿ ಫೋನನ್ನು ಯಾವಾಗಲೋ ಜೇಬಿಗೆ ಹಾಕಿಕೊಂಡಿದ್ದಳು. ಕೊನೆಗೆ ಬೇರೆ ದಾರಿಯಿಲ್ಲದೆ ಪ್ರೊಸೆಸರಿನ ಮೇಲಿನ ಫ್ಯಾನು ಬಿಚ್ಚಿ, ಅದರಡಿ ಬಳಿದಿದ್ದ, ಬಿಸಿ ಸೆಳೆಯುವ ಪೇಸ್ಟು ಒರೆಸಿ, ಸರಳು ಎತ್ತಿದರು.

ಗೂಡಿನ ಒಂದು ಮೂಲೆಯಲ್ಲಿ ಮುಳ್ಳುಗಳು ತುಳಿದ ಹುಲ್ಲಿನ ಹಾಗೆ ಮಲಗಿದ್ದವು.

ಭಾವನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅದನ್ನು ಸರಿಪಡಿಸಿಕೊಳ್ಳಲೂ ಇಲ್ಲ. ಇಂಥ ಬೋರ್ಡನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ನನಗೂ ಗೊತ್ತು, ಹಂತಕಿಗೂ ಗೊತ್ತು.

"ನಾನೇ ಅಂಕಲ್. ನಾನು ರ್‍ಯಾಮ್ ಜೋರಾಗಿ ಒತ್ತಿದೆ. ಬೋರ್ಡು ಬಗ್ಗಿದ ಹಾಗಾಯ್ತು ಆಗ. ನಂದೇ ತಪ್ಪು. ಅಮ್ಮಂಗೆ ಏನಂತ ಹೇಳ್ಲಿ?" ಎಂದು ಅಳುವುದಕ್ಕೇ ಶುರುಮಾಡಿದಳು.

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಅವಳೇ ತಲೆ ಒಡ್ಡಿದ್ದಳು. ಹುಡುಗಿ ಅತ್ತು ಮನೆಗೆ ಹೋಗುತ್ತಿದ್ದಳು, ಗಿರಾಕಿಯೇ ಕೆಡಿಸಿದಳು ಎಂದು ಅಕ್ಕನಿಗೆ ಹೇಳಬಹುದಿತ್ತು, ಭಾವನಿಗೆ ಇನ್ನೊಂದು ಅವಕಾಶ ಸಿಗುತ್ತಿತ್ತು. ನಾನು ಪ್ಲೈವುಡ್ಡಿನ ಅಂಚನ್ನು ಹಿಡಿದುಕೊಂಡು ಅವರ ಮುಖವನ್ನೇ ನೋಡುತ್ತಿದ್ದೆ. ಸತ್ಯ ಹೇಳಬೇಕೆಂದರೆ, ಹೂಂ ಅನ್ನಲಿ ಎಂದೇ ನನ್ನ ಮನಸ್ಸು ಹೇಳುತ್ತಿತ್ತು.

"ನೀನಲ್ಲಮ್ಮ. ಇದನ್ನ ಕೂರಿಸಿದ್ದು ನಾನು, ನೀನು ಬರೋಕೆ ಮುಂಚೆ" ಎಂದರು ಭಾವ. "ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ. ಸತ್ತುಹೋಗಿವೆ. ಗೊತ್ತಿದ್ದೂ ನಾನು ಕೈ ಹಾಕಿದೆ."

ಹಂತಕಿ ಅಳು ನಿಲ್ಲಿಸಿ ಅವರ ಕೈಗಳನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಇನ್ನು ಉಳಿದದ್ದು ನನ್ನ ಸೂಜಿ. ನನ್ನ ಕಣ್ಣು ಚೆನ್ನಾಗಿದೆ, ಕೈಯೂ ನಡುಗುವುದಿಲ್ಲ. ಭೂತಗನ್ನಡಿ ಹಿಡಿದು, ನನ್ನಲ್ಲಿದ್ದ ಅತಿ ಸಣ್ಣ ಸೂಜಿಯಿಂದ ಒಂದೊಂದೇ ಮುಳ್ಳನ್ನು ಎತ್ತಿ ನಿಲ್ಲಿಸತೊಡಗಿದೆ. "ಬುಡದಿಂದ ಎತ್ತು. ತುದಿ ಮುಟ್ಬೇಡ. ನಿಧಾನ" ಎಂದು ಭಾವ ಪಕ್ಕದಲ್ಲಿ ನಿಂತು ಪಿಸುಗುಟ್ಟುತ್ತಿದ್ದರು. ಹಂತಕಿ ಫೋನಿನ ಬೆಳಕು ಹಿಡಿದಿದ್ದಳು. ಮುಳ್ಳುಗಳು ನಿಲ್ಲುತ್ತಾ ಬಂದವು. ನಮ್ಮ ಮೂವರ ಉಸಿರೂ ಒಂದಾಗಿತ್ತು. ಆಗಬಹುದು, ಆಗಿಯೇಬಿಡಬಹುದು ಎನಿಸಿತು. ಮೂಲೆಯ ಕೊನೆಯ ಸಾಲಿನಲ್ಲಿ ಒಂದು ಮುಳ್ಳು ಸೂಜಿಗೆ ಅಂಟಿಕೊಂಡ ಹಾಗೆ ಎದ್ದು ಬಂತು. ಅದು ಬುಡದಿಂದ ಮುರಿದಿತ್ತು.

"ಸಾಕು ಬಿಡು" ಎಂದರು ಭಾವ.

ಮಾರನೆಯ ದಿನ ತಮ್ಮ ಉಪಕರಣಗಳನ್ನೆಲ್ಲ, ಬೆಸುಗೆ ಕಡ್ಡಿಯಿಂದ ಹಿಡಿದು ಸ್ಕ್ರೂಡ್ರೈವರುಗಳ ತನಕ, ಹಳೇ ಸಾಮಾನಿನವರ ಬೀದಿಯಲ್ಲಿ ಕೊಟ್ಟು ಹೊಸ ಬೋರ್ಡು ತಂದರು. ಒಂದೇ ಒಂದು ಸ್ಕ್ರೂಡ್ರೈವರನ್ನು ಉಳಿಸಿಕೊಂಡಿದ್ದರು. ನಾನು ಕೂಗಾಡಿದೆ. ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟು ಬಂದಿರಲ್ಲ, ನಾಳೆ ಹಲ್ಲಿನಲ್ಲಿ ಸ್ಕ್ರೂ ಬಿಚ್ಚುತ್ತೀರಾ ಎಂದೆ.

"ಬೆರಳು ಹೋದ್ರೇನು ಕತ್ತರಿ, ಅಂಗೈ ಇದೆಯಲ್ಲ" ಎಂದರು. ಮುಖದಲ್ಲಿ ನಿಜವಾಗಿಯೂ ಒಂದು ಕಳೆ ಇತ್ತು. "ಜೋಡಿಸೋಕೆ ಆಗಲ್ಲ, ಒಪ್ಪಿದೆ. ಆದ್ರೆ ಡಬ್ಬಿ ಮೇಲೆ ಅಂಗೈ ಇಟ್ರೆ ಏನ್ ಕೆಟ್ಟಿದೆ ಅಂತ ಹೇಳಬಲ್ಲೆ. ಬಿಚ್ಚೋಕೆ ಕಟ್ಟೋಕೆ ಯಾರನ್ನಾದ್ರೂ ಇಟ್ಕೊಂಡ್ರಾಯ್ತು. ಕಾಯಿಲೆ ಹೇಳೋನು ನಾನು. ಈ ಮಾತನ್ನ ನಿಮ್ಮಕ್ಕನಿಗೆ ನೀನೇ ಹೇಳು, ನಿನ್ನ ಮಾತು ಕೇಳ್ತಾಳೆ."

ನಾನು ಹೇಳಿದೆ. ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಹಾಗಾದ್ರೆ ಆ ಅಂಗೈನಾದ್ರೂ ನೆಟ್ಟಗಿದೆಯಾ ನೋಡು. ನೀನು ಇದ್ದದ್ದನ್ನ ಇದ್ದ ಹಾಗೆ ಹೇಳೋಳು. ನೀನು ಇದೆ ಅಂದ್ರೆ ನಾನು ಗೇಟಿನ ಮಾತು ಬಿಡ್ತೀನಿ" ಎಂದಳು. ಹೀಗೆ ಆ ಭಾರ ನನ್ನ ತಲೆಗೆ ಬಂತು.

ಎರಡನೇ ಸಲ ಜೋಡಿಸಿದ್ದು ಹಂತಕಿಯೇ. ಭಾವ ಪಕ್ಕದ ಸ್ಟೂಲಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಂದೊಂದಾಗಿ ಹೇಳಿಕೊಡಬೇಕೆಂದು ಗಂಟಲು ಸರಿಮಾಡಿಕೊಂಡರು. ಅವಳು ಫೋನನ್ನು ಟೀ ಲೋಟಕ್ಕೆ ಒರಗಿಸಿ, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಜೋಡಿಸುವುದನ್ನು ತೋರಿಸುವ ಯಾರದೋ ವಿಡಿಯೋ ನೋಡುತ್ತಾ ಕೆಲಸ ಮಾಡಿದಳು. ಅವಮಾನ ಮಾಡಬೇಕೆಂದಲ್ಲ. ಪಾಪ, ಅವಳಿಗೆ ಹೆದರಿಕೆ. ಭಾವ ಹೇಳುವ ಹೊತ್ತಿಗೆ ಅವಳ ಕೈ ಅದನ್ನು ಮುಗಿಸಿರುತ್ತಿತ್ತು. "ಈಗ ಆ ದೊಡ್ಡ ತಂತಿ..." ಎಂದರೆ, "ಹಾಕಿದೆ ಅಂಕಲ್" ಎನ್ನುತ್ತಿದ್ದಳು. ಆಮೇಲಾಮೇಲೆ ಅವರು ಹೇಳುವುದನ್ನು ನಿಲ್ಲಿಸಿ, ಮೇಜಿನ ಮೇಲಿದ್ದ ಖಾಲಿ ಪ್ಲಾಸ್ಟಿಕ್ ಚೀಲಗಳನ್ನು ಮಡಿಸತೊಡಗಿದರು.

ಅವಳೇ ಸ್ವಿಚ್ ಒತ್ತಿದಳು. ಪರದೆ ಬೆಳಗಿತು. ಹುಡುಗಿ ಕುಣಿದಳು, ನನ್ನನ್ನು ಅಪ್ಪಿಕೊಂಡಳು. ಭಾವನನ್ನು ಅಪ್ಪಿಕೊಳ್ಳಲು ನಾಚಿಕೆಯಾಗಿ ಅವರ ತೋಳನ್ನು ಎರಡು ಸಲ ತಟ್ಟಿದಳು. ಬೇಕಾದ ಸಾಫ್ಟ್‌ವೇರೆಲ್ಲ ಹಾಕಿ, ಆಟ ಇಳಿಸಿ, ಸ್ವಲ್ಪ ಹೊತ್ತು ಆಡಿಯೂ ನೋಡಿದಳು. ಹಳೇ ಕಾರ್ಡು ಮುಗ್ಗರಿಸದೆ ಓಡಿತು. ಭಾವ ಆರಿಸಿ ತಂದದ್ದರಲ್ಲಿ ಒಂದೂ ಸೋಲಲಿಲ್ಲ, ಅದನ್ನಿಲ್ಲಿ ಹೇಳಲೇಬೇಕು. ಆಮೇಲೆ ಭಾವ ಡಬ್ಬಿ ಸಾಗಿಸಲು ಗಾಡಿ ಕರೆಯಲು ಹೋದರು.

ಅವರು ಹೋದ ಮೇಲೆ ಹಂತಕಿ ಕಂಪ್ಯೂಟರ್ ಆರಿಸಿ, ಪರದೆಯನ್ನು ಕಂಬಳಿಯಲ್ಲಿ ಸುತ್ತಿದಳು. ಗೋಡೆಯಿಂದ ಕರೆಂಟಿನ ತಂತಿ ಕಿತ್ತು ಕೈಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಅವಳ ಚೀಲದ ಹೊಸ ಜಿಪ್ಪಿಗೆ ಕೊನೆಯ ಹೊಲಿಗೆ ಹಾಕುತ್ತಿದ್ದೆ, ನನ್ನ ಕಡೆಯ ಉಡುಗೊರೆ. ಮಷೀನು ಗರಗರ ಓಡುತ್ತಿತ್ತು. ಭಾವ ಒಳಗೆ ಬಂದರು. "ಗಾಡಿ ಬಂತು. ತಡಿ, ಕಳಿಸೋಕೆ ಮುಂಚೆ ಒಂದ್ಸಲ ನೋಡ್ತೀನಿ" ಎಂದು ಪೆಟ್ಟಿಗೆಯ ಈ ಪಕ್ಕಕ್ಕೆ ನಿಂತರು. ಹಂತಕಿ ಆ ಪಕ್ಕದಲ್ಲಿದ್ದಳು. ಅಂಗೈ ಇಟ್ಟರು. ಕಣ್ಣು ಮುಚ್ಚಿದರು.

ನಾನು ಮಷೀನಿನ ಪೆಡಲಿನಿಂದ ಕಾಲು ತೆಗೆದೆ. ಅಂಗಡಿ ನಿಶ್ಶಬ್ದವಾಯಿತು.

ಭಾವ ತಲೆದೂಗಿದರು. "ಹಾಂ. ಎಷ್ಟು ಸರಾಗ ನೋಡು. ಎರಡೂ ಫ್ಯಾನು ಒಂದೇ ಸಮ ತಿರುಗ್ತಿವೆ. ಎಲ್ಲೂ ಉಜ್ತಾ ಇಲ್ಲ" ಎಂದರು. ಅವರ ಮುಖದಲ್ಲಿ ಹಳೆಯ ಆ ಸುಖ ಬಂದಿತ್ತು.

ಹಂತಕಿ ಕೈಯಲ್ಲಿದ್ದ ತಂತಿಯನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ತಂತಿಯನ್ನು ಬೆನ್ನ ಹಿಂದೆ ಒಯ್ದು, "ಹೌದು ಅಂಕಲ್. ಚೆನ್ನಾಗಿ ಓಡ್ತಿದೆ. ಈಗ ಆರಿಸ್ತೀನಿ" ಎಂದಳು. ಆರಿಸುವಂತೆ ನಟಿಸಿ, ಚೀಲ ಬೆನ್ನಿಗೇರಿಸಿ, ಪರದೆಯನ್ನೂ ಪೆಟ್ಟಿಗೆಯನ್ನೂ ಗಾಡಿಗೆ ಸಾಗಿಸಿ ಹೊರಟಳು. ಹಲ್ಲಿಗೆ ಹೆದರುವ ಹುಡುಗಿಯ ಮುಖ ಆಗ ಅವಳಮ್ಮನ ವಯಸ್ಸಿನದ್ದಾಗಿತ್ತು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಭಾವ ಬಾಗಿಲಲ್ಲಿ ನಿಂತಿದ್ದರು.

ಒಳಗೆ ಬಂದು ಪ್ಲೈವುಡ್ಡಿಗೆ ಒರಗಿದರು. ಮೇಜಿನ ಕಡೆ ನೋಡಿದರು. ಗೋಡೆಯ ಪ್ಲಗ್ಗು ಖಾಲಿ ಇತ್ತು. ಅದನ್ನು ನೋಡಿದರೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಕತ್ತರಿ, ಓಡ್ತಾ ಇತ್ತು ತಾನೆ ಅದು?"

ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆಂದೇ ಅಕ್ಕ ನನಗೆ ಒಪ್ಪಿಸಿದ್ದಳು. ಏನಾದರೊಂದು ಕೊಂಕು ಮಾತಾಡಬೇಕಿತ್ತು, ಬರಲಿಲ್ಲ.

"ಹೌದು ಭಾವ, ಓಡ್ತಾ ಇತ್ತು" ಎಂದೆ.

ಅವರು ಅಂಗೈಯನ್ನು ತಿರುಗಿಸಿ ನೋಡಿಕೊಂಡು, ಪ್ಯಾಂಟಿಗೆ ಒರೆಸಿದರು.

"ನೀನು ಇಷ್ಟು ಮೆತ್ತಗೆ ಮಾತಾಡಿದ್ದನ್ನ ನಾನು ಯಾವತ್ತೂ ಕೇಳಿಲ್ಲ ಕಣಮ್ಮ" ಎಂದರು. "ಗೇಟಿನ ಕೆಲಸಕ್ಕೆ ನಾನು ಹೂಂ ಅಂದೆ ಅಂತ ನಿಮ್ಮಕ್ಕನಿಗೆ ಹೇಳು."

ಉಳಿದಿದ್ದ ಆ ಒಂದು ಸ್ಕ್ರೂಡ್ರೈವರನ್ನು ತಂದು ನನ್ನ ಕತ್ತರಿಗಳ ಡಬ್ಬಿಯಲ್ಲಿಟ್ಟು, ಹೊಲಿಗೆ ಮಷೀನಿನ ಸ್ಕ್ರೂ ಬಿಗಿಯೋಕೆ ಬರತ್ತೆ ಇಟ್ಕೋ ಎಂದರು.